ಬಿಳಿ ಗುಳಿಗೆಯ ಹತ್ತು ದಿನ

ನನಗೆ ಐವತ್ತೆರಡು ವರ್ಷ. ಅದರಲ್ಲಿ ಇಪ್ಪತ್ತೆಂಟು ವರ್ಷ ಬಳ್ಳಾರಿಯ ಒಂದು ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ಕಳೆದಿದ್ದೇನೆ. ಇಷ್ಟರಲ್ಲಿ ನನಗೆ ಬರದ ರೋಗವಿಲ್ಲ. ಔಷಧಿ ಡಬ್ಬಿಯೊಳಗೆ ಮಡಚಿಟ್ಟಿರುವ ಸಣ್ಣ ಅಕ್ಷರದ ಕಾಗದ ಓದುವ ಚಟ ನನ್ನದು. ಓದಿ ಅರ್ಧ ಗಂಟೆಯೊಳಗೆ ಅದರಲ್ಲಿ ಬರೆದ ತೊಂದರೆಗಳಲ್ಲಿ ಎರಡಾದರೂ ನನ್ನ ಮೈಯಲ್ಲಿ ಶುರುವಾಗುತ್ತವೆ. ಎಡಗೈ ಜೋಮು ಹಿಡಿದರೆ ಹೃದಯ, ಬಲಗೈ ಹಿಡಿದರೆ ಮಿದುಳು. ಬಳ್ಳಾರಿಯ ಲ್ಯಾಬುಗಳಲ್ಲಿ ನನ್ನ ರಕ್ತ ನೋಡದವರು ಕಡಿಮೆ. ನನ್ನ ಹೆಂಡತಿ ಒಮ್ಮೆ ನೆಂಟರ ಎದುರಿಗೇ ಹೇಳಿದ್ದಳು: "ಇವರ ರೋಗಕ್ಕ ನಾನು ಹೆದರಂಗಿಲ್ಲ. ಏನೂ ಇಲ್ಲ ಅಂತ ಡಾಕ್ಟರ್ ಹೇಳಿದ ದಿನ ಮಾರಿ ಸಣ್ಣದು ಮಾಡ್ಕೊಂಡು ಬರ್ತಾರಲ್ರಿ, ಅದಕ್ಕ ಹೆದರ್ತೀನಿ."

ಇಷ್ಟು ಚಿಂತೆ ಮಾಡುವವನ ಮನೆತನಕ್ಕೆ ನಿಜವಾದ ರೋಗ ಬಂದರೆ ಮೊದಲು ಅವನಿಗೇ ಗೊತ್ತಾಗುತ್ತದೆ ಎಂದು ಯಾರಾದರೂ ಅಂದುಕೊಂಡಾರು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ನನ್ನ ಅಕ್ಕ ಸಿರುಗುಪ್ಪದಲ್ಲಿದ್ದಾಳೆ. ಭಾವ ಅಲ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು; ಒಬ್ಬಳೇ ಮಗಳು ಆರನೆಯ ತರಗತಿಯಲ್ಲಿದ್ದಾಗ ತೀರಿಕೊಂಡರು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಏನು ತೀರ್ಮಾನವಾಗಬೇಕಾದರೂ ಸೋದರಮಾವನಾದ ನಾನು ಬಸ್ಸು ಹತ್ತಿ ಹೋಗಬೇಕಿತ್ತು. ಹುಡುಗಿ ಯಾವ ಕಾಲೇಜು ಸೇರಬೇಕು ಎನ್ನುವುದರಿಂದ ಹಿಡಿದು ಅಡುಗೆಮನೆಗೆ ಯಾವ ಬಣ್ಣ ಹೊಡೆಸಬೇಕು ಎನ್ನುವವರೆಗೆ ನನ್ನದೇ ಕೊನೆಯ ಮಾತು. ಮನೆಯಲ್ಲಿ ಹೆಂಡತಿ ಚಟ್ನಿಗೆ ಉಪ್ಪು ಹಾಕಲು ಕೂಡ ನನ್ನನ್ನು ಕೇಳುವುದಿಲ್ಲವಾದ್ದರಿಂದ, ಸಿರುಗುಪ್ಪದ ಈ ಮರ್ಯಾದೆ ನನಗೆ ಸ್ವಲ್ಪ ಜಾಸ್ತಿಯೇ ಹಿಡಿಸಿತ್ತು.

ಅಕ್ಕನ ಮಗಳಿಗೆ ಆಗ ಇಪ್ಪತ್ನಾಲ್ಕು. ಕುರುಗೋಡಿನ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ವಾರವೆಲ್ಲ ಅಲ್ಲೇ ಇಬ್ಬರು ಟೀಚರುಗಳ ಜೊತೆ ಒಂದು ಖೋಲಿಯಲ್ಲಿರುತ್ತಿದ್ದಳು, ಶನಿವಾರ ಸಿರುಗುಪ್ಪಕ್ಕೆ ಬರುತ್ತಿದ್ದಳು. ಫೋನು ಮಾಡಿದರೆ ಅವಳ ಮೊದಲ ಪ್ರಶ್ನೆ ಯಾವಾಗಲೂ ಒಂದೇ.

"ಮಾಮಾ, ಈ ವಾರ ಯಾವ ರೋಗ?"

"ಪಿತ್ತಕೋಶ ಅನ್ನಿಸ್ತೈತಿ."

"ಚೊಲೊ ಆತು, ಹೋದ ವಾರದ ಕಿಡ್ನಿ ಬೇಜಾರಾಗಿತ್ತು. ಈಗ ನಂದೂ ಒಂದು ಕೇಳು. ಕುತ್ತಿಗಿ ಎಡಕ್ಕ ಒಂದು ಗಂಟು ಆಗೈತಿ. ನೋವಿಲ್ಲ ಏನಿಲ್ಲ. ಅವ್ವ ಸುಣ್ಣ ಬೆಲ್ಲ ಹಚ್ಚಿ ಹಚ್ಚಿ ಕುತ್ತಿಗಿ ಗೋಡಿ ಆಗೈತಿ."

ನೋವಿಲ್ಲ ಎಂದಳಲ್ಲ, ಸಮಾಧಾನವಾಯಿತು. ನೋವಿಲ್ಲದೆ ಬೆಳೆಯುವ ಗಂಟಿಗೇ ಹೆಚ್ಚು ಹೆದರಬೇಕು ಎಂದು ಆಮೇಲೆ ಕಲಿತೆ. ಇಪ್ಪತ್ತೆಂಟು ವರ್ಷ ಓದಿದ ಯಾವ ಕಾಗದದಲ್ಲೂ ಅದು ಬರೆದಿರಲಿಲ್ಲ.

ಒಂದು ತಿಂಗಳ ಸುಣ್ಣ ಬೆಲ್ಲದ ನಂತರ ಕುರುಗೋಡಿನ ಡಾಕ್ಟರು ನೋಡಿ, ಗಂಟಿನ ಟೀಬಿ ಇರಬಹುದು, ನಮ್ಮ ಕಡೆ ಇದು ಬಹಳ ಎಂದರು. ಬಳ್ಳಾರಿಗೆ ಕರೆಸಿ ಸೂಜಿ ಚುಚ್ಚಿ ನೋಡುವ ಪರೀಕ್ಷೆ ಮಾಡಿಸಿದೆ. ರಿಪೋರ್ಟಿನಲ್ಲಿ ಎರಡು ಸಾಲು ಇದ್ದವು. ಟೀಬಿ ಇರಬಹುದು ಎಂದು ಮೊದಲನೆಯದು. ಖಚಿತವಿಲ್ಲ, ಗಂಟನ್ನೇ ತೆಗೆದು ಪರೀಕ್ಷೆಗೆ ಕಳಿಸುವುದು ಒಳ್ಳೆಯದು ಎಂದು ಎರಡನೆಯದು. ಕುರುಗೋಡಿನ ಡಾಕ್ಟರೂ ಅದನ್ನೇ ಹೇಳಿದರು: ಟೀಬಿ ಗುಳಿಗೆ ಶುರು ಮಾಡೋಣ, ಆದರೆ ಗಂಟು ಕೊಯ್ಸಿ ಒಮ್ಮೆ ನೋಡಿಬಿಡಿ.

ಆ ಹೊತ್ತಿಗೆ ಸರಿಯಾಗಿ ರಾರಾವಿಯಿಂದ ಹೆಣ್ಣು ನೋಡಲು ಬರುವವರಿದ್ದರು.

ಸಿರುಗುಪ್ಪದ ಅಡುಗೆಮನೆಯಲ್ಲಿ ಮಾತುಕತೆ ನಡೆಯಿತು. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. "ಕುತ್ತಿಗಿ ಮ್ಯಾಲ ಹೊಲಿಗಿ ಇಟ್ಕೊಂಡು ಅವರ ಮುಂದ ಹೆಂಗ ಕುಂದರಸೋದೋ ತಮ್ಮಾ?"

"ಸೆರಗು ಹೊಚ್ಕೊಂತೀನಿ ಬಿಡವ್ವ" ಎಂದಳು ಮಗಳು. "ಅವರೇನು ಕುತ್ತಿಗಿ ಜೋಡಿ ಸಂಸಾರ ಮಾಡ್ತಾರೇನು?"

"ನೀ ಸುಮ್ನಿರು. ರಾರಾವಿಯವರು ಎಲ್ಲಾ ನೋಡ್ತಾರ. ಟೀಬಿ ಅಂತ ಒಂದು ಮಾತು ಆ ಕಡೆ ಹೋತಂದ್ರ ಮುಗೀತು. ನೀನ ಹೇಳೋ, ನಿನಗ ಗೊತ್ತಿರ್ತೈತಿ."

ಇಬ್ಬರೂ ನನ್ನ ಮುಖ ನೋಡಿದರು. ನನಗೂ ಚಿಂತೆ ಇತ್ತು, ಇಲ್ಲವೆಂದಲ್ಲ. ಗಾಯ ಎಷ್ಟುದ್ದ ಇರುತ್ತದೆ, ಎಷ್ಟು ದಿನಕ್ಕೆ ಮಾಯುತ್ತದೆ, ಕೇಳಿದರೆ ಬಿದ್ದು ಪೆಟ್ಟಾಗಿತ್ತು ಎಂದರೆ ನಂಬುತ್ತಾರೋ ಇಲ್ಲವೋ ಎಂದೆಲ್ಲ ನಾಲ್ಕು ದಿನ ನಿದ್ದೆಗೆಟ್ಟು ಯೋಚಿಸಿದ್ದೆ. ಸದಾ ಚಿಂತೆ ಮಾಡುವವನು ಚಿಂತಿಸಬೇಕಾದ್ದನ್ನೇ ಚಿಂತಿಸುತ್ತಾನೆ ಎಂಬ ಖಾತರಿ ಏನೂ ಇಲ್ಲ.

"ಹದಿನೈದು ದಿನ ತಡೀರಿ" ಎಂದೆ. "ಅವರು ನೋಡಿ ಹೋಗಲಿ. ಅಲ್ಲೀತನಕ ಗಂಟು ಇಳಿಸಾಕ ನಾನೊಂದು ಕೊಡ್ತೀನಿ."

ನಮ್ಮ ಕಸುಬಿನಲ್ಲಿರುವವರಿಗೆಲ್ಲ ಆ ಬಿಳಿ ಗುಳಿಗೆ ಗೊತ್ತು. ಉಬ್ಬಸ, ಕೀಲುನೋವು, ತುರಿಕೆ, ಬಾವು, ಯಾವುದಕ್ಕೆ ಕೊಟ್ಟರೂ ಗಿರಾಕಿ ಮರುದಿನ ಬಂದು ಕೈ ಮುಗಿಯುತ್ತಾನೆ. ಸ್ಟೀರಾಯ್ಡ್. ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ ಎಂದು ನಾನೇ ಎಷ್ಟೋ ಮಂದಿಯನ್ನು ವಾಪಸು ಕಳಿಸಿದ್ದೇನೆ. ಆವತ್ತು ಒಂದು ಪಟ್ಟಿ ಜೇಬಿಗೆ ಹಾಕಿಕೊಂಡು ಬಂದಿದ್ದೆ. ಹೊಟ್ಟೆ ಉರಿದೀತು ಎಂಬ ಆತಂಕದಿಂದ, ಜೊತೆಗೆ ಗ್ಯಾಸಿನ ಗುಳಿಗೆಯನ್ನೂ ತಂದಿದ್ದೆ.

ಹತ್ತು ದಿನಕ್ಕೆ ಗಂಟು ಕರಗಿತು. ಕೈಯಿಟ್ಟು ಹುಡುಕಿದರೂ ಸಿಗಲಿಲ್ಲ. ಅಕ್ಕ ನನ್ನ ತಲೆ ಸವರಿ ನೆಟಿಗೆ ತೆಗೆದಳು. ರಾರಾವಿಯವರು ಬಂದರು, ಹುಡುಗನ ತಾಯಿ ಎಲ್ಲವನ್ನೂ ನೋಡಿ "ಪಿಲ್ಲ ಬಾಗುಂದಿ", ಹುಡುಗಿ ಚೆನ್ನಾಗಿದ್ದಾಳೆ, ಎಂದು ಪಕ್ಕದವರಿಗೆ ತೆಲುಗಿನಲ್ಲಿ ಹೇಳಿದ್ದು ಬಾಗಿಲ ಹಿಂದಿದ್ದ ನಮಗೆಲ್ಲ ಕೇಳಿಸಿತು. ಒಪ್ಪಿಗೆಯಾಯಿತು. ಕುರುಗೋಡಿನ ಡಾಕ್ಟರು ಕುತ್ತಿಗೆ ಮುಟ್ಟಿ ನೋಡಿ, ಟೀಬಿ ಗುಳಿಗೆ ಚೆನ್ನಾಗಿ ಕೆಲಸ ಮಾಡುತ್ತಿದೆ, ಮುಂದುವರಿಸಿ ಎಂದರು. ಕೊಯ್ಯುವ ಮಾತು ಅಲ್ಲಿಗೆ ನಿಂತಿತು. ಬಿಳಿ ಗುಳಿಗೆಯ ವಿಷಯ ಅವರಿಗೆ ನಾನು ಹೇಳಲಿಲ್ಲ. ಹೇಳಿದರೆ ಬೈದಾರು ಎಂಬ ಚಿಂತೆ.

ಎರಡು ತಿಂಗಳಿಗೆ ಗಂಟು ಮರಳಿ ಬಂತು, ಜೊತೆಗೆ ಇನ್ನೆರಡನ್ನು ಕರೆದುಕೊಂಡು. ಮತ್ತೆ ಹತ್ತು ದಿನ ಕೊಟ್ಟೆ. ಕರಗಿತು. ಮತ್ತೆ ಬಂತು. ಮೂರನೆಯ ಸಲ ಅಷ್ಟಾಗಿ ಕರಗಲಿಲ್ಲ. ಸಂಜೆಯಾದರೆ ಸಣ್ಣ ಜ್ವರ, ಮೈಯೆಲ್ಲ ತುರಿಕೆ. ರವಿಕೆಗಳನ್ನು ಎರಡೆರಡು ಸಲ ಒಳಗೆ ಹಿಡಿದು ಹೊಲಿದುಕೊಂಡಳು. "ಮದಿವಿಗೆ ತೆಳ್ಳಗ ಆಗಾಕ ಬ್ಯಾರೇರು ಬೆಂಗಳೂರಾಗ ಜಿಮ್ಮಿಗೆ ಹೋಗ್ತಾರ ಮಾಮಾ, ನನಗ ಪುಗಸಟ್ಟೆ" ಎಂದಳು. ಟೀಬಿ ಔಷಧಿ ಮುಗಿಯಲು ಇನ್ನೊಂದೇ ತಿಂಗಳಿತ್ತು. ಅಲ್ಲಿಯವರೆಗೆ ತಡೆಯೋಣ ಎಂದೆ. ತಡೆಯಿರಿ ಎನ್ನುವುದರಲ್ಲಿ ನನಗೆ ಆಗಲೇ ಅಭ್ಯಾಸವಾಗಿತ್ತು.

ಮೆಟ್ಟಿಲು ಹತ್ತಿದರೆ ಉಸಿರು ಸಿಗದಂತಾದಾಗ ಬಳ್ಳಾರಿಯಲ್ಲಿ ಗಡ್ಡೆಗಳ ಕಾಯಿಲೆ ನೋಡುವ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಅಕ್ಕ ಹೊರಗೆ ಬೆಂಚಿನ ಮೇಲೆ ಕೂತಳು. ಒಳಗೆ ನಾವಿಬ್ಬರೇ. ಆಕೆ ಕುತ್ತಿಗೆ, ಕಂಕುಳು, ಹೊಟ್ಟೆ ಎಲ್ಲ ಮುಟ್ಟಿ ನೋಡಿದರು. ಆಮೇಲೆ ಕೇಳಿದರು: "ಟೀಬಿ ಔಷಧಿ ಬಿಟ್ಟು ಬೇರೆ ಏನಾದ್ರೂ ತಗೊಂಡಿದ್ದೀಯಾ? ಗಂಟು ಇಳಿಯೋಕೆ ಅಂತ?"

ನಾನು ಗೋಡೆಯ ಮೇಲಿನ ಚಿತ್ರ ನೋಡುತ್ತಿದ್ದೆ.

"ಮಾಮಾ ಬಿಳಿ ಗುಳಿಗಿ ಕೊಟ್ಟಾನ್ರಿ. ಭಾಳ ಚೊಲೊ ಗುಳಿಗಿರಿ ಮೇಡಂ, ಹತ್ತು ದಿನಕ್ಕ ಮಾಯ" ಎಂದಳು ನಮ್ಮ ಹುಡುಗಿ, ನನ್ನ ಪರವಾಗಿ ಶಿಫಾರಸು ಮಾಡುವವಳಂತೆ.

ಡಾಕ್ಟರಮ್ಮ ನನ್ನ ಕಡೆ ತಿರುಗಿ ಹೆಸರು ಕೇಳಿದರು. ಗುಳಿಗೆಯ ಹೆಸರು. ಹೇಳಿದೆ. ಎಷ್ಟು ಸಲ ಎಂದರು. ಹೇಳಿದೆ. ಅವರು ಬರೆದುಕೊಂಡರು. ಬೈಯಲಿಲ್ಲ. ಬೈದಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಕುತ್ತಿಗೆಯ ಗಂಟು ಕೊಯ್ದು ಕಳಿಸಿದ ಮೊದಲ ತುಂಡಿನಲ್ಲಿ ಏನೂ ಸ್ಪಷ್ಟವಾಗಲಿಲ್ಲ. ಆ ಗುಳಿಗೆ ರೋಗದ ಗುರುತನ್ನೇ ಅಳಿಸಿ ಹಾಕುತ್ತದಂತೆ. ಅದನ್ನು ನಿಲ್ಲಿಸಿ ಕೆಲವು ವಾರ ಕಾದು, ಕಂಕುಳಿನಿಂದ ಇನ್ನೊಂದು ತುಂಡು ತೆಗೆದರು. ಲಿಂಫೋಮಾ ಎಂದು ಬಂತು, ದುಗ್ಧಗ್ರಂಥಿಗಳ ಕ್ಯಾನ್ಸರು. ಅಷ್ಟು ಹೊತ್ತಿಗೆ ಹೊಟ್ಟೆಗೂ ಎಲುಬಿನ ಮಜ್ಜೆಗೂ ಇಳಿದಿತ್ತು.

ಆ ದಿನವೂ ಒಳಗೆ ನಾವಿಬ್ಬರೇ ಇದ್ದೆವು. ಎಲ್ಲ ಕೇಳಲೇಬೇಕೆಂದು ಹುಡುಗಿಯೇ ಹಟ ಹಿಡಿದಿದ್ದಳು. ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿ ಹೇಳಿದರು: "ನಮ್ಮಂಥ ದೇಶಗಳಲ್ಲಿ ಇದು ಬರೋದೇ ಹೀಗೆ. ಬರೋವ್ರು ವಯಸ್ಸಲ್ಲಿ ಚಿಕ್ಕವರು. ಕೈಯಲ್ಲಿ ಟೀಬಿ ಫೈಲು ಹಿಡ್ಕೊಂಡೇ ಬರ್ತಾರೆ, ಹೊಟ್ಟೆಗೆ ಇಳಿದ ಮೇಲೆ ಬರ್ತಾರೆ. ಮಧ್ಯೆ ಯಾರೋ ಒಬ್ರು ಈ ಗುಳಿಗೆ ಕೊಟ್ಟಿರ್ತಾರೆ. ಹೊರದೇಶದ ಪುಸ್ತಕದಲ್ಲಿ ಇದನ್ನ ವಾಸಿಯಾಗೋ ರೋಗ ಅಂತ ಬರೆದಿರ್ತಾರೆ. ನಾನು ಓದಿದ್ದೂ ಅದೇ ಪುಸ್ತಕ." ಆಮೇಲೆ, "ಪ್ರಯತ್ನ ಮಾಡೋಣ" ಎಂದರು.

ಯಾರೋ ಒಬ್ಬರು. ಆಕೆ ನನ್ನ ಮುಖ ನೋಡದೆ ಹೇಳಿದರು. ಅದು ಅವರ ದೊಡ್ಡತನ.

ಹೊರಗೆ ಬರುವ ಮುಂಚೆ ಕಾರಿಡಾರಿನಲ್ಲಿ ಹುಡುಗಿ ನನ್ನ ತೋಳು ಹಿಡಿದು ನಿಲ್ಲಿಸಿದಳು. "ಆ ಗುಳಿಗಿಂದ ಹಿಂಗಾತಂತ ಅವ್ವಗ ಹೇಳಬ್ಯಾಡ ಮಾಮಾ."

"ಹೆಂಗ ಮುಚ್ಚಿಡ್ಲಿ?"

"ನಾಳೆ ನನಗೇನರ ಆತಂದ್ರ ಅಕಿಗೆ ನಿನ್ನ ಬಿಟ್ಟು ಯಾರದಾರ? ನಿನ್ನ ಮ್ಯಾಲ ಸಿಟ್ಟು ಮಾಡ್ಕೊಂಡು ಕುಂತ್ರ ಊಟ ಮಾಡು ಅನ್ನಾಕ ಒಬ್ರಿಲ್ಲ." ಆಮೇಲೆ ನನ್ನ ಮುಖ ನೋಡಿ, "ಅಳಬ್ಯಾಡೋ ಮಾರಾಯಾ, ರೋಗ ಬಂದಿರೋದು ನನಗ" ಎಂದಳು.

ನನಗೆ ಅವಳ ಮೇಲೆ ಕೋಪ ಬರುವಷ್ಟು ಲೆಕ್ಕ ಸರಿಯಿತ್ತು ಅವಳದು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ತಾಯಿ ಮಗಳು ಬಳ್ಳಾರಿಯ ನಮ್ಮ ಮನೆಗೇ ಬಂದರು. ಎರಡು ವಾರಕ್ಕೊಮ್ಮೆ ಕೀಮೋ. ಕೂದಲು ಹೋದ ಮೇಲೆ ಹಸಿರು ಸ್ಕಾರ್ಫು ಕಟ್ಟಿಕೊಂಡು ಕುರುಗೋಡಿನ ಮಕ್ಕಳ ಉತ್ತರಪತ್ರಿಕೆ ತರಿಸಿಕೊಂಡು ತಿದ್ದುತ್ತಿದ್ದಳು. ರಾರಾವಿಯ ಹುಡುಗ ಎರಡು ಸಲ ಮೋಸಂಬಿ ತೆಗೆದುಕೊಂಡು ಬಂದ; ಮೂರನೆಯ ಸಲ, ಸಂಬಂಧ ಬೇಡವೆಂದು ಅವನ ಮನೆಯವರ ಫೋನು ಬಂತು. ಅವರನ್ನು ಬೈಯುವ ಯೋಗ್ಯತೆ ಉಳಿದವರಿಗಿತ್ತು, ನನಗಿರಲಿಲ್ಲ. ಒಂದು ದಿನ ಅವಳು ಕೆಂಪು ಪೆನ್ನು ಕೆಳಗಿಟ್ಟು ಹೇಳಿದಳು: "ನಿನಗ ರೋಗ ಬರೋದು ನಿಂತೈತಿ, ಗಮನಿಸೀ ಏನು?" ನಿಜ. ಆ ಒಂಬತ್ತು ತಿಂಗಳು ನನ್ನ ಎಡಗೈ ಬಲಗೈ ಎರಡೂ ನೆಟ್ಟಗಿದ್ದವು.

ಒಂಬತ್ತನೆಯ ತಿಂಗಳು, ಒಂದು ಮಧ್ಯಾಹ್ನ, ಊಟದ ಹೊತ್ತಿಗೆ ಹೋದಳು. ಸಿರುಗುಪ್ಪಕ್ಕೆ ಕರೆದುಕೊಂಡು ಹೋದೆವು.

ಮಾತಾಡಿಸಲು ಬಂದವರಿಗೆಲ್ಲ ಅಕ್ಕ ಒಂದೇ ಮಾತು ಹೇಳುತ್ತಿದ್ದಳು: "ನನ್ನ ತಮ್ಮನ ಗುಳಿಗೀಗೆ ಗಂಟು ಕರಗಿ ಹೋಗಿತ್ತವ್ವ. ಅದನ್ನ ಬಿಡಿಸಿ ಆ ದೊಡ್ಡ ಔಷಧಿ ಹಾಕಿದ್ರು ನೋಡು, ಅದು ತಿಂತು ಅಕಿನ್ನ." ಪಕ್ಕದಲ್ಲಿ ಕೂತು ನಾನು ಕೇಳುತ್ತಿದ್ದೆ. ಕೊಟ್ಟ ಮಾತಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸತ್ತವರಿಗೆ ಕೊಟ್ಟ ಮಾತು ಬದುಕಿದವನಿಗೆ ಎಷ್ಟು ಅನುಕೂಲ ಎಂಬುದೂ ತಿಳಿದಿತ್ತು.

ಎಂಟು ತಿಂಗಳ ಮೇಲೆ ಅಕ್ಕ ಫೋನು ಮಾಡಿದಳು. "ಬರೋವಾಗ ಆ ಬಿಳಿ ಗುಳಿಗಿ ಒಂದು ಪಟ್ಟಿ ತಗೊಂಬಾರೋ. ಎದರಮನಿ ಸೊಸೀಗೆ ಕುತ್ತಿಗ್ಯಾಗ ಗಂಟು ಆಗೈತಿ. ಪಾಪ, ಎಳೇ ಹುಡಿಗಿ. ನಾನು ಹೇಳೀನಿ, ನನ್ನ ತಮ್ಮ ತರ್ತಾನಂತ."

ಮರುದಿನವೇ ಹೋದೆ, ಗುಳಿಗೆ ಇಲ್ಲದೆ. ಅಕ್ಕ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ನಿಂತುಕೊಂಡೇ ಹೇಳಿದೆ, ಕೂತರೆ ಆಗುವುದಿಲ್ಲ ಎನ್ನಿಸಿತು. ರಿಪೋರ್ಟಿನ ಎರಡನೆಯ ಸಾಲು, ಡಾಕ್ಟರಿಗೆ ಮುಚ್ಚಿಟ್ಟದ್ದು, ಮೂರು ಸಲ ಕೊಟ್ಟದ್ದು, ಮೊದಲ ತುಂಡಿನಲ್ಲಿ ರೋಗ ಕಾಣದೆ ಹೋದದ್ದು, ಎಲ್ಲ ಹೇಳಿದೆ. ಅವಳ ಕೈ ಅಕ್ಕಿಯಲ್ಲಿ ಆಡುತ್ತಲೇ ಇತ್ತು. ಒಂದು ಕಲ್ಲು ಆರಿಸಿ ತೆಗೆದು ಕೇಳಿದಳು: "ಅಕಿಗೆ ಗೊತ್ತಿತ್ತೇನು?"

"ಗೊತ್ತಿತ್ತು. ನಿನಗ ಹೇಳಬ್ಯಾಡ ಅಂದಿದ್ಲು."

"ಆವತ್ತ ಕೊಯ್ಸಿದ್ರ ಉಳೀತಿದ್ಲೇನು?"

ಇಲ್ಲ ಎನ್ನಬಹುದಿತ್ತು. ಖಂಡಿತವಾಗಿ ಯಾರಿಗೂ ಗೊತ್ತಿಲ್ಲ ಎನ್ನಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. "ಉಳಿಯೋ ಸಾಧ್ಯತೆ ಭಾಳ ಇತ್ತಕ್ಕ" ಎಂದೆ.

ಅಕ್ಕ ಮೊರ ಕೆಳಗಿಟ್ಟಳು. "ಎದರಮನಿಗೆ ಹೋಗು. ಗಂಟು ಕೊಯ್ಸಾಕ ಹೇಳು. ಯಾಕಂತ ಕೇಳ್ತಾರ. ನನಗ ಹೇಳಿದ್ದನ್ನ ಅವರಿಗೂ ಹೇಳು, ಒಂದೂ ಬಿಡಬ್ಯಾಡ."

ಹೋಗಿ ಹೇಳಿದೆ. ಆ ಸೊಸೆ, ಅವಳ ಅತ್ತೆ, ಗಂಡ ಮೂವರೂ ಪಡಸಾಲೆಯಲ್ಲಿ ಕೂತು ಕೇಳಿದರು. ನಾನು ಮುಗಿಸುವಷ್ಟರಲ್ಲಿ ತಂದಿಟ್ಟ ಚಹಾ ಕೆನೆಗಟ್ಟಿತ್ತು. ಕುಡೀರಿ ಎಂದು ಯಾರೂ ಅನ್ನಲಿಲ್ಲ. ನಾಳೆಯೇ ಬಳ್ಳಾರಿಗೆ ಕರೆದುಕೊಂಡು ಹೋಗುತ್ತೇವೆ ಎಂದ ಗಂಡ, ಯಾವ ಆಸ್ಪತ್ರೆ ಎಂದು ನನ್ನನ್ನು ಕೇಳದೆ.

ಓಣಿ ದಾಟಿ ಬಂದರೆ ಅಕ್ಕನ ಬಾಗಿಲು ಮುಚ್ಚಿತ್ತು. ಹಗಲಲ್ಲಿ ಆ ಬಾಗಿಲು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಒಳಗಿಟ್ಟಿದ್ದ ನನ್ನ ಚೀಲ ಹೊರಗೆ ಕಟ್ಟೆಯ ಮೇಲಿತ್ತು. ಅದರೊಳಗಿನ ನೀರಿನ ಬಾಟಲಿ ನಾನು ಬರುವಾಗ ದಾರಿಯಲ್ಲೇ ಖಾಲಿಯಾಗಿತ್ತು; ಈಗ ತುಂಬಿತ್ತು. ಬಾಗಿಲು ತಟ್ಟಲಿಲ್ಲ. ಸ್ವಲ್ಪ ಹೊತ್ತು ಕೂತು, ಬಿಸಿಲು ಕಟ್ಟೆಗೆ ಬಂದ ಮೇಲೆ ಎದ್ದು ಬಸ್‌ಸ್ಟ್ಯಾಂಡಿಗೆ ನಡೆದೆ.