ಗಿಳಿಗೆ ಕೊಕ್ಕು ಬಂದ ದಸರೆ

ಸಾಗುವಾನಿ ಹಲಗೆಯನ್ನು ಕೊಯ್ಯುವಾಗ ಏಳುವ ವಾಸನೆ ಹೊಸ ಚಪ್ಪಲಿಯ ಚರ್ಮದ ಹಾಗೆ, ಬಿಸಿ ಮಾಡಿದ ಎಣ್ಣೆಯ ಹಾಗೆ ಇರುತ್ತದೆ. ಮೊನ್ನೆ ಆಲ್ಕೊಳದ ಮನೆಯ ಹಿಂದಿನ ಜಗಲಿಯಲ್ಲಿ ಮೊಮ್ಮಗಳು ಮೈತ್ರಿ ಯಾರಿಂದಲೋ ಎರವಲು ತಂದ ಕೈಗರಗಸದಲ್ಲಿ ಒಂದು ತುಂಡು ಹಲಗೆ ಕೊಯ್ಯುತ್ತಿದ್ದಳು. ಆ ವಾಸನೆ ಅಡುಗೆಮನೆಯವರೆಗೆ ಬಂತು. ಕೈಯಲ್ಲಿದ್ದ ಕೊತ್ತಂಬರಿ ಸೊಪ್ಪನ್ನು ಅಲ್ಲೇ ಇಟ್ಟು ಹೊರಗೆ ಹೋದೆ. ಬಿಡುವಿನಲ್ಲಿ ಮರದಲ್ಲಿ ಹೂ ಬಳ್ಳಿ ಕೊರೆಯುವ ಹುಚ್ಚು ಈಗ ಅವಳಿಗೆ ಹಿಡಿದಿದೆ. ಮೇಜಿನ ಮೇಲೆ ಕೂರಿಸುವ ಕರೆಂಟಿನ ಗರಗಸ ಕೊಳ್ಳಬೇಕೆಂದು ಅಂಗಡಿಯ ಚಿತ್ರದ ಪುಸ್ತಕವೊಂದನ್ನು ತಂದಿಟ್ಟುಕೊಂಡಿದ್ದಳು. "ಅಜ್ಜಿ, ಇದು ತಗೊಳ್ಳಲಾ, ಅದು ತಗೊಳ್ಳಲಾ?" ಎಂದು ತಮಾಷೆಗೆ ಕೇಳಿದಳು. "ಅಂಗಡಿಗೆ ಹೋಗುವಾಗ ಒಂದು ಚೊಂಬು ನೀರು ತಗೊಂಡು ಹೋಗು" ಎಂದೆ. ಅವಳು ನಕ್ಕುಬಿಟ್ಟಳು. ನಾನು ಮಾತಿನಲ್ಲಿ ಹಿಂದೆ. ನಾಲ್ಕು ಜನ ಕೂತ ಕಡೆ ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ, ನಿಮಗೆ ಗೊತ್ತು. ಅದಕ್ಕೇ ಆ ಚೊಂಬಿನ ಕತೆಯನ್ನು ಬರೆದಿಡುತ್ತಿದ್ದೇನೆ, ಮಕ್ಕಳೇ.

ನಾನು ನಾಲ್ಕು ಅಕ್ಷರ ಕಲಿತದ್ದು ಸೋಗಾನೆ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ. ಆಮೇಲೆ ಅಪ್ಪನಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಿ, ನಾವು ಅಲ್ಲಿಯ ಸಾಲುಮನೆಯೊಂದಕ್ಕೆ ಬಂದೆವು. ಎರಡನೆಯ ದೊಡ್ಡ ಯುದ್ಧಕ್ಕೆ ಇನ್ನೂ ಕೆಲವು ವರ್ಷಗಳಿದ್ದವು. ಕಾರ್ಖಾನೆಯ ಕೂಗಿಗೆ ಏಳುವುದು, ಕೂಗಿಗೆ ಉಣ್ಣುವುದು. ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿದರೆ ಕಪ್ಪು ಮಸಿ. ಆ ಮಸಿಯ ನಡುವೆಯೂ ನಮ್ಮ ಮನೆಯಲ್ಲಿ ಸಾಗುವಾನಿಯ ವಾಸನೆ ಇರುತ್ತಿತ್ತು, ಏಕೆಂದರೆ ಕೆಲಸ ಮುಗಿಸಿ ಬಂದ ಅಪ್ಪ ಕಾಫಿ ಕುಡಿದು, ತೆಳು ಹಲಗೆಯನ್ನು ಕಿಟಕಿಯ ಕಟ್ಟೆಗೆ ಒತ್ತಿ ಹಿಡಿದು, ತಂತಿಯಂಥ ಅಲಗಿನ ಕೈಗರಗಸದಿಂದ ಚಿತ್ತಾರ ಕೊರೆಯಲು ಕೂರುತ್ತಿದ್ದರು. ಇದು ಸುಮ್ಮನೆ ಹೊತ್ತು ಕಳೆಯುವ ಕೆಲಸವಾಗಿರಲಿಲ್ಲ. ಮದುವೆಯಲ್ಲಿ ಅಮ್ಮನ ತವರಿನವರು ಪದ್ಧತಿಯಂತೆ ಪಟ್ಟದ ಗೊಂಬೆಗಳನ್ನು ಕೊಟ್ಟಾಗ, ದಸರೆಯಲ್ಲಿ ಅವುಗಳನ್ನು ಕೂರಿಸಲು ಮಂಟಪವನ್ನು ತಾವೇ ಮಾಡುವುದಾಗಿ ಅಪ್ಪ ಚಪ್ಪರದ ಕೆಳಗೆ ಎಲ್ಲರೆದುರು ಹೇಳಿದ್ದರಂತೆ. ಕಂಬಗಳಾದವು, ಮೇಲಿನ ಗೋಪುರವೂ ಆಯಿತು. ಮುಂದಿನ ಕಮಾನಿನಲ್ಲಿ ಮಾವಿನ ಗೊಂಚಲಿನ ಎಡಬಲಕ್ಕೆ ಎದುರುಬದುರಾಗಿ ಕೂರಬೇಕಾದ ಎರಡು ಗಿಳಿಗಳು ಮಾತ್ರ ಆಗಲೇ ಇಲ್ಲ. ಕಾಗದದ ಮೇಲೆ ಅಪ್ಪ ಬರೆದ ಗಿಳಿ ಇನ್ನೇನು ಮಾತಾಡುತ್ತದೆ ಅನ್ನಿಸುತ್ತಿತ್ತು. ಕೊಯ್ಯುವಾಗ ಕೊಕ್ಕಿನ ತುದಿಗೆ ಬಂದು ಗರಗಸವನ್ನು ಒಳಗೆ ತಿರುಗಿಸಿದರೆ ಸಾಕು, ಒಂದೋ ಅಲಗು ಟಪ್ಪೆನ್ನುತ್ತಿತ್ತು, ಇಲ್ಲವೇ ಕೊಕ್ಕು ಹಾರಿಹೋಗುತ್ತಿತ್ತು. ಆ ಕೊಕ್ಕಿಲ್ಲದ ಗಿಳಿಗಳೆಲ್ಲ ನನ್ನ ಪಾಲಿಗೆ ಬರುತ್ತಿದ್ದವು. ನನ್ನ ಹತ್ತಿರ ಒಂದು ಬಟ್ಟೆಚೀಲ ತುಂಬ ಇದ್ದವು.

ಅಮ್ಮನ ತಮ್ಮ ಶೀನಮಾವ ಪ್ರತಿ ದಸರೆಗೂ ಶಿವಮೊಗ್ಗದಿಂದ ಬರುತ್ತಿದ್ದ. ಬಂದವನು ಕಾಲು ತೊಳೆಯುವ ಮೊದಲೇ ಗೊಂಬೆಗಳ ಮುಂದೆ ನಿಂತು, "ಏನ್ ಭಾವ, ಈ ಸಲಾನೂ ಗಿಳಿ ಬರ್ಲಿಲ್ವಾ? ಕೊಕ್ಕಿಲ್ದೆ ಹಣ್ಣು ತಿನ್ನೋದು ಹೆಂಗೆ ಅಂತ ನಾಚಿಕೊಂಡು ಒಳಗೇ ಕೂತಿದ್ಯಾ ಮಾರಾಯ್ರೇ?" ಎನ್ನುತ್ತಿದ್ದ. ಅಪ್ಪ ನಗುತ್ತಿದ್ದರು, ಆದರೆ ಅವರ ಕಿವಿ ಕೆಂಪಾಗುವುದು ನನಗೆ ಕಾಣುತ್ತಿತ್ತು. ಒಂದು ವರ್ಷ ಗೌರಿ ಹಬ್ಬ ಕಳೆದ ಮೇಲೆ ಮತ್ತೊಂದು ಕೊಕ್ಕು ಮುರಿಯಿತು. ಅಪ್ಪ ಗರಗಸವನ್ನು ಗೋಡೆಯ ಮೊಳೆಗೆ ನೇತುಹಾಕಿ, "ನನ್ನ ಕೈಲಿ ಆಗಲ್ಲ ಕಣೇ. ಬಡಗಿ ಹತ್ರ ಮಾಡಿಸಿಬಿಡ್ತೀನಿ" ಎಂದರು. ಅಮ್ಮ ಒಲೆಯ ಮುಂದಿನಿಂದ ತಿರುಗದೆಯೇ, "ಬಡಗಿ ಮಾಡಿದ್ರೆ ಅದು ಬಡಗಿ ಮಂಟಪ. ಚಪ್ಪರದಲ್ಲಿ ಹೇಳಿದ್ದು ಬಡಗಿಯಲ್ಲವಲ್ಲ ರೀ" ಎಂದಳು. ಅದೇ ವಾರ ಶೀನಮಾವ ಸುದ್ದಿ ತಂದ: ಶಿವಮೊಗ್ಗದ ಪೇಟೆಯಲ್ಲಿ ಒಬ್ಬರು ಸಾಹೇಬರ ಅಂಗಡಿಗೆ ಹೊಲಿಗೆ ಮಷೀನಿನ ಹಾಗೆ ಕಾಲಿನಲ್ಲಿ ತುಳಿದು ನಡೆಸುವ ಗರಗಸ ಬಂದಿದೆಯಂತೆ. ಅಪ್ಪ ಮೊಳೆಯ ಮೇಲಿನ ಗರಗಸವನ್ನು ನೋಡಿದರು, ಗಿಳಿಯ ನಕ್ಷೆಯನ್ನು ನೋಡಿದರು. ಕೊನೆಗೆ, "ಇದೊಂದು ಸಲ ನೋಡ್ತೀನಿ. ಇದರಲ್ಲೂ ಮುರಿದ್ರೆ ನಕ್ಷೆ ಒಲೆಗೆ" ಎಂದರು. ಅವರು ಆಡಿದ ಮಾತಿಗೆ ತಪ್ಪುವವರಲ್ಲ ಎಂದು ಗೊತ್ತಿದ್ದ ಅಮ್ಮ ತಾನೂ ಹೊರಟಳು. ತವರಿನವರನ್ನು ನೋಡಿ ಬರುತ್ತೇನೆ ಎಂಬ ನೆಪ. ನಾನು ಅವಳ ಸೆರಗಿನ ಜೊತೆ.

ಅಂಗಡಿ ಇದ್ದದ್ದು ನೀವು ಈಗ ಗಾಂಧಿ ಬಜಾರ್ ಎನ್ನುವ ಕಡೆಯ ಒಂದು ಓಣಿಯಲ್ಲಿ. ಆಗ ಹೆಂಗಸರು ಇಂಥ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಅಮ್ಮ ಕೆಳಗೆ ಬೀದಿಯಲ್ಲೇ ಕಂಬದ ಮರೆಗೆ ನಿಂತಳು. ಹೊರಗಿನವರೆದುರು ಅವಳು ಅಪ್ಪನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ಏನಿದ್ದರೂ ನನ್ನ ಕಿವಿಯಲ್ಲಿ ಪಿಸುಗುಟ್ಟುವಳು, ನಾನು ಹೋಗಿ ಅಪ್ಪನ ಕಿವಿಯಲ್ಲಿ ಪಿಸುಗುಟ್ಟಬೇಕು. ಅಂಗಡಿಯಲ್ಲಿ ಎರಡು ಗರಗಸಗಳಿದ್ದವು. ಒಂದು ಕನ್ನಡಿಯ ಹಾಗೆ ಹೊಳೆಯುವ ಹೊಸದು. "ನೋಡಿ ಸ್ವಾಮಿ, ನಯಾ ಮಾಲು, ವಿಲಾಯ್ತಿದು. ಕಾಲು ಇಟ್ರೆ ಸಾಕು, ಕುದುರೆ ಹಂಗೆ ಓಡ್ತದೆ" ಎಂದರು ಸಾಹೇಬರು. ಇನ್ನೊಂದು ಮೂಲೆಯಲ್ಲಿ ಗೋಣಿ ಹೊದ್ದು ಕೂತಿದ್ದ ಕರಿಯ ಎರಕದ ಕಬ್ಬಿಣದ್ದು, ತುಕ್ಕು ಹಿಡಿದದ್ದು. "ಅದು ಬ್ಯಾಡ ಬಿಡಿ. ಯಾರೋ ಪಾದ್ರಿ ದೊರೆ ತನ್ನ ದೇಶಕ್ಕೆ ಹೋಗೋವಾಗ ಬಿಟ್ಟು ಹೋದದ್ದು. ಎಮ್ಮೆ ಅದು." ಶೀನಮಾವನಿಗೆ ಹೊಳೆಯುವುದರ ಮೇಲೆಯೇ ಕಣ್ಣು. ಅಪ್ಪ ಅದರ ಮುಂದೆ ಕೂತು, ತುಂಡು ಹಲಗೆಯನ್ನು ಬಿಗಿಯಾಗಿ ಒತ್ತಿ ಹಿಡಿದು, ಅಭ್ಯಾಸದಂತೆ ಗರಗಸವನ್ನೇ ಬಾಗಿಸಲು ನೋಡಿದರು. ಟಪ್. ಅಲಗು ಹೋಯಿತು. ಅಮ್ಮ ನನ್ನನ್ನು ಹತ್ತಿರ ಎಳೆದುಕೊಂಡು, "ಅಪ್ಪಂಗೆ ಹೇಳು, ಇದು ಈಳಿಗೆ ಮಣೆ ಇದ್ದಂಗೆ. ಅಲಗು ನಿಂತಲ್ಲೇ ಇರುತ್ತೆ, ಕಾಯಿ ತಿರುಗಿಸ್ಬೇಕು" ಎಂದಳು. ನಾನು ಮೆಟ್ಟಿಲು ಹತ್ತಿ, ಎಲ್ಲರೂ ನನ್ನನ್ನೇ ನೋಡುತ್ತಿದ್ದುದಕ್ಕೆ ನಾಚಿ, ಅಪ್ಪನ ಕಿವಿಯಲ್ಲಿ "ಈಳಿಗೆ ಮಣೆಯಂತೆ" ಎಂದಷ್ಟೇ ಹೇಳಿದೆ. ಅದು ಶೀನಮಾವನಿಗೂ ಕೇಳಿಸಿತು. "ಭೇಷ್! ಬದನೆಕಾಯಿ ಹೆಚ್ಚೋದಕ್ಕೆ ಬಂದಿದ್ದೀವಾ ಪುಟ್ಟೀ?" ಎಂದು ನಕ್ಕ. ಸಾಹೇಬರೂ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಪ್ಪ ಮಾತ್ರ ನಗಲಿಲ್ಲ. ಅವರು ಒಮ್ಮೆ ಕರಿಯದರ ಕಡೆ ನೋಡಿದರು. ಅಲಗನ್ನು ಹಿಡಿಯುವ ಅದರ ತೋಳು ಉದ್ದವಿತ್ತು, ಇಡೀ ಕಮಾನಿನ ಹಲಗೆ ಒಳಗೆ ತಿರುಗುವಷ್ಟು. ಆದರೆ ಸಾಹೇಬರ ಹೊಗಳಿಕೆ, ಶೀನಮಾವನ ಅವಸರ ಎರಡೂ ಸೇರಿ ಅವರ ಕೈ ಆಗಲೇ ಕೋಟಿನ ಜೇಬಿಗೆ ಹೋಗುತ್ತಿತ್ತು. ನಾನು ಕೆಳಗೆ ಓಡಿಬಂದಾಗ ಅಮ್ಮ ನನ್ನ ಕಿವಿಗೆ ಮತ್ತೇನೋ ಹೇಳಲು ಬಗ್ಗಿದಳು, ನನ್ನ ಮುಖ ನೋಡಿದಳು, ಹೇಳಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಹತ್ತಿಯೇ ಬಿಟ್ಟಳು. "ಸ್ವಲ್ಪ ತಾಳಿ" ಎಂದಳು. ಪರರೆದುರು ನಾನು ಕೇಳಿದ ಅವಳ ಮೊದಲ ಮಾತು ಅದು. ಪ್ರಯಾಣಕ್ಕೆಂದು ತಂದಿದ್ದ ನೀರಿನ ಚೊಂಬನ್ನು ಹೊಳೆಯುವ ಗರಗಸದ ಮೇಜಿನ ಮೇಲಿಟ್ಟು, "ಲೋ ಶೀನ, ತುಳಿಯೋ" ಎಂದಳು. ಶೀನಮಾವ ತುಳಿದ. ಮೇಜು ಗಡಗಡ ನಡುಗಿ ನೀರು ಅವನ ಪಂಚೆಯ ಮೇಲೆಯೇ ಚೆಲ್ಲಿತು. ಅಮ್ಮ ಚೊಂಬನ್ನು ಎತ್ತಿ, ಉಳಿದ ನೀರಿನ ಮೇಲೆ ಅಂಗಡಿಯ ಕೊಡದ ನೀರನ್ನೂ ಹೊಯ್ಯಿಸಿಕೊಂಡು, ಗೋಣಿ ಸರಿಸಿ ಕರಿಯದರ ಮೇಲಿಟ್ಟಳು. ಅಪ್ಪ ತುಳಿದರು. ಕಬ್ಬಿಣ ನರಳಿತು, ಚಕ್ರ ತಿರುಗಿತು. ಚೊಂಬಿನ ಕಂಠದವರೆಗಿದ್ದ ನೀರಿನಲ್ಲಿ ಸಣ್ಣ ಉಂಗುರಗಳೆದ್ದವು. ಒಂದು ಹನಿಯೂ ಹೊರಗೆ ಬೀಳಲಿಲ್ಲ. "ಬೀಸೋ ಕಲ್ಲು ಅಲುಗಿದ್ರೆ ಹಿಟ್ಟು ತರಿತರಿ ಬರುತ್ತೆ. ಮಣೆನೇ ಕುಣಿದ್ರೆ ಕೊಕ್ಕು ಎಲ್ಲಿ ಉಳಿಯುತ್ತೆ?" ಎಂದು ಯಾರನ್ನೂ ನೋಡದೆ ಹೇಳಿ, ಅಮ್ಮ ಕೆಳಗಿಳಿದು ಮತ್ತೆ ಕಂಬದ ಮರೆಗೆ ನಿಂತಳು. ಸಾಹೇಬರು ಟೋಪಿ ಸರಿಮಾಡಿಕೊಂಡು, "ಇಷ್ಟು ವರ್ಷ ಅಂಗಡಿ ಇಟ್ಟಿದ್ದೀನಿ ತಾಯಿ, ಮಷೀನಿಗೆ ನೀರು ಇಟ್ಟು ಸತ್ಯ ಹೇಳಿಸಿದೋರು ನೀವೇ ಮೊದಲು" ಎಂದು ಬೀದಿಯ ಕಡೆಗೆ ಕೈಮುಗಿದರು. ಅಪ್ಪನ ಮುಖ ಆಗ ಹೇಗೆ ಅರಳಿತ್ತೆಂದರೆ, ಗೆದ್ದವರು ಅವರೇ ಅನ್ನಬೇಕು.

ಕರಿಯದನ್ನೇ ಕೊಂಡು ರೈಲಿಗೆ ಹತ್ತಿಸುವಷ್ಟರಲ್ಲಿ ಕೂಲಿಗಳು ಬೆವೆತುಹೋದರು. ಒದ್ದೆ ಪಂಚೆಯ ಶೀನಮಾವ ಪ್ಲಾಟ್‌ಫಾರ್ಮಿನಲ್ಲಿ ನಿಂತು, "ಊರಿಗೆಲ್ಲ ಕಬ್ಬಿಣ ಕೊಡೋ ಭದ್ರಾವತಿಗೆ ಇಲ್ಲಿಂದ ಕಬ್ಬಿಣ ಹೊತ್ಕೊಂಡು ಹೋಗ್ತಾ ಇರೋರು ನೀವೊಬ್ರೇ ಭಾವ!" ಎಂದು ಕೂಗಿ ಹೇಳಿ ಇಡೀ ಡಬ್ಬಿಯನ್ನು ನಗಿಸಿದ. ಮನೆಗೆ ತಂದು ಸೀಮೆಎಣ್ಣೆ ಹಾಕಿ ತಿಕ್ಕಿದೆವು. ಮೊದಲ ದಿನ ಅಪ್ಪ ಅಲಗಿನ ಹಲ್ಲು ಮೇಲ್ಮುಖವಾಗುವಂತೆ ಸಿಕ್ಕಿಸಿದ್ದರಿಂದ ಹಲಗೆ ಕಪ್ಪೆಯ ಹಾಗೆ ಕುಪ್ಪಳಿಸಿತು. ಅದನ್ನು ಸರಿ ಮಾಡಿಕೊಂಡ ಮೇಲೆ ಅವರು ಎದ್ದು ನಿಂತು, "ಬಾ, ನೀನೇ ಕೂರು. ಈಳಿಗೆ ಮಣೆ ಅಂದೋಳು ನೀನು" ಎಂದರು. ಅಮ್ಮ ಕೂತಳು. ಮೊದಲು ಕಾಲು ತಡವರಿಸಿತು, ಆಮೇಲೆ ತೊಟ್ಟಿಲು ತೂಗುವ ಲಯ ಹಿಡಿಯಿತು. ಈಳಿಗೆಯ ಅಲಗಿಗೆ ಬಾಳೆದಿಂಡು ತಿರುಗಿಸಿ ತಿರುಗಿಸಿ ಬಿಲ್ಲೆ ತೆಗೆಯುತ್ತಿದ್ದ ಕೈಗಳು ಈಗ ಹಲಗೆಯನ್ನು ಬೆರಳ ತುದಿಯಲ್ಲಿ ಹಿಡಿದು ತಿರುಗಿಸಿದವು. ಎದೆ, ಕತ್ತು, ತಲೆ. ಕೊಕ್ಕಿನ ತುದಿಗೆ ಬಂದಾಗ ಅಪ್ಪ ಹತ್ತಿರಕ್ಕೆ ಬಗ್ಗಿದರು. ಅಮ್ಮ ಕಾಲು ನಿಲ್ಲಿಸಲಿಲ್ಲ, ಮುಂದಕ್ಕೆ ದೂಡಲೂ ಇಲ್ಲ. ಅಲಗನ್ನು ಇದ್ದಲ್ಲೇ ಆಡಲು ಬಿಟ್ಟು, ಅದರ ಸುತ್ತ ಹಲಗೆಯನ್ನು ಮೆಲ್ಲಗೆ, ಮಗುವಿನ ಮುಖವನ್ನು ಬೆಳಕಿನ ಕಡೆ ತಿರುಗಿಸುವ ಹಾಗೆ ತಿರುಗಿಸಿದಳು. ಬೇಡದ ತುಂಡು ಕಳಚಿ ನೆಲಕ್ಕೆ ಬಿತ್ತು. ಗಿಳಿಗೆ ಕೊಕ್ಕಿತ್ತು. ಎಂದೂ ದನಿಯೆತ್ತದ ಅಪ್ಪ "ಬಂತು! ಬಂತು!" ಎಂದು ಬೀದಿಗೆ ಕೇಳುವಂತೆ ಕೂಗಿದರು. ಪಕ್ಕದ ಮನೆಯ ತಮಿಳು ಅಕ್ಕ ಕೈಯಲ್ಲಿ ಸೌಟು ಹಿಡಿದೇ ಓಡಿಬಂದು, "ಎನ್ನಾಚ್ಚು ಸಾಮಿ, ಏನು ಬಂತು?" ಎಂದರೆ, ಅಪ್ಪ ಬಲು ಗಂಭೀರವಾಗಿ, "ಕೊಕ್ಕು ಬಂತಮ್ಮ" ಎಂದರು. ಆಕೆ ಅಪ್ಪನನ್ನೂ ನೋಡಿದಳು, ಅಮ್ಮನನ್ನೂ ನೋಡಿದಳು, ಆಮೇಲೆ ಗಿಳಿಯನ್ನು ನೋಡಿ ಸೌಟಿನ ಸಮೇತ ಕೈತಟ್ಟಿದಳು.

ಎರಡನೆಯ ಗಿಳಿಯನ್ನು ಅಪ್ಪನೇ ಕೊರೆದರು, ಅಮ್ಮ ಪಕ್ಕದಲ್ಲಿ ಕೂತು "ದೂಡಬೇಡಿ, ತಿರುಗಿಸಿ" ಎನ್ನುತ್ತಿದ್ದಳು. ಪಾಡ್ಯದ ದಿನ ಪಟ್ಟದ ಗೊಂಬೆಗಳು ಮಂಟಪದೊಳಗೆ ಕೂತವು. ಶೀನಮಾವ ಬಂದ, ಬಗ್ಗಿದ, ಎರಡು ಕೊಕ್ಕುಗಳನ್ನೂ ಬೆರಳಲ್ಲಿ ಮುಟ್ಟಿ ನೋಡಿದ. ಆಮೇಲೆ, "ಅಕ್ಕಾ, ಎಡಗಡೇದು ನಿಂದು, ಬಲಗಡೇದು ಭಾವಂದು. ಭಾವನ ಗಿಳಿಗೆ ನೆಗಡಿಯಾಗಿ ಮೂಗು ಊದಿದೆ" ಎಂದ. ಎಲ್ಲರಿಗಿಂತ ಜೋರಾಗಿ ನಕ್ಕವರು ಅಪ್ಪ. ಅವರ ಕಿವಿ ಆ ದಿನ ಕೆಂಪಾಗಲಿಲ್ಲ. ಆಯುಧಪೂಜೆಯ ಬೆಳಿಗ್ಗೆ ಅವರು ಗರಗಸವನ್ನು ತೊಳೆದು ನಡುಮನೆಯಲ್ಲಿಟ್ಟು, ಒಳಗೆ ಹೋಗಿ ಅಮ್ಮನ ಈಳಿಗೆ ಮಣೆಯನ್ನು ತಾವೇ ಎತ್ತಿಕೊಂಡು ಬಂದು ಅದರ ಪಕ್ಕದಲ್ಲಿಟ್ಟರು. ಮೊದಲ ಕುಂಕುಮ ಇಟ್ಟದ್ದು ಈಳಿಗೆ ಮಣೆಗೆ. ಅಮ್ಮ ಬಾಗಿಲ ಹಿಂದೆ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು.

ಆ ಸಾಲುಮನೆ ಈಗ ಇಲ್ಲ. ಕೂಗೂ ಇಲ್ಲ, ಆ ಮಸಿಯೂ ಇಲ್ಲ. ಅಪ್ಪ, ಅಮ್ಮ, ಶೀನಮಾವ ಒಬ್ಬರ ಹಿಂದೊಬ್ಬರು ಹೋದರು. ನಾನು ಮದುವೆಯಾಗಿ ಬಂದ ಮನೆಯಲ್ಲೂ ಈಗ ನಿಮ್ಮ ತಾತನ ಕುರ್ಚಿ ಖಾಲಿ. ಮಂಟಪ ಮಾತ್ರ ನನ್ನ ಕೋಣೆಯ ಕಪಾಟಿನಲ್ಲಿದೆ. ಗೊಂಬೆಗಳ ಬಣ್ಣ ಹೋಗಿ ಮುಖ ಮಾಸಿದೆ, ಒಂದು ಕಂಬ ಸೀಳಿದೆ, ಆದರೆ ಎರಡು ಕೊಕ್ಕುಗಳೂ ಇದ್ದಹಾಗೇ ಇವೆ. ನಿನ್ನೆ ಮೈತ್ರಿ ಅಂಗಡಿಯಿಂದ ಬಂದಳು. ಚೀಲದಲ್ಲಿ ನಿಜವಾಗಿಯೂ ಚೊಂಬು ಇತ್ತು. "ಅಜ್ಜಿ, ಅಂಗಡಿಯವನು ಮೊದಲು ನಕ್ಕ, ಆಮೇಲೆ ತಾನೇ ಇನ್ನೊಂದು ಮಷೀನ್ ಮೇಲೂ ಇಟ್ಟು ನೋಡಿದ" ಎಂದಳು. ಅವಳ ಗರಗಸವನ್ನು ಜಗಲಿಯಲ್ಲಿ ಕೂರಿಸಿ, ಅದರ ಮೇಲೆ ನನ್ನೆದುರು ಮತ್ತೊಮ್ಮೆ ನೀರಿಟ್ಟು ಗುಂಡಿ ಒತ್ತಿದಳು. ನಾನು ಬಗ್ಗಿ ನೋಡಿದೆ. ಸಣ್ಣ ಉಂಗುರಗಳು, ಒಂದು ಹನಿಯೂ ಚೆಲ್ಲಲಿಲ್ಲ. ಯಾರಿಗಾದರೂ ಓಡಿಹೋಗಿ ಕಿವಿಯಲ್ಲಿ ಹೇಳಬೇಕು ಅನ್ನಿಸಿ ಅತ್ತಿತ್ತ ನೋಡಿದೆ. ಅಂದು ಓಣಿಯಲ್ಲಿ ಅಮ್ಮ ನನ್ನ ಕಿವಿಯಲ್ಲಿಟ್ಟ ಮಾತನ್ನು ನಾನು ಅರ್ಧವೇ ಮುಟ್ಟಿಸಿದ್ದು. ಇಗೋ, ಇನ್ನರ್ಧ ನಿಮಗೆ: ಅಲಗು ನಿಂತಲ್ಲೇ ಇರುತ್ತದೆ ಮಕ್ಕಳೇ, ದೂಡಬೇಡಿ, ತಿರುಗಿಸಿ.