ಬೋನಿನೊಳಗೊಂದು ಹಾಸಿಗೆ

ಊರವರೆಲ್ಲ ಹಾಸಿಗೆ ಮಾವ ಎಂದು ಕರೆಯುವವನು ಹೊಲಿದ ಹಾಸಿಗೆಯ ಮೇಲೆ ಕೂತು ಎಚ್ಚರವಾಗಿದ್ದವರು ಭೂಮಿಯ ಮೇಲೇ ಇಲ್ಲ. ಬೈಯಲು ಬಂದ ಗಿರಾಕಿಯೊಬ್ಬ ಬಾಯಿ ತೆರೆದು ಕೂತನಂತೆ. ಆ ತೆರೆದ ಬಾಯಲ್ಲೇ ಗೊರಕೆ ಶುರುವಾಯಿತಂತೆ. ಎದ್ದಾಗ ಅವನ ಸಿಟ್ಟಿಗೂ ವಯಸ್ಸಾಗಿತ್ತು. ಮಾವ ಮಾತ್ರ ಎಬ್ಬಿಸಲಿಲ್ಲ. ತನ್ನ ಹಾಸಿಗೆಯಲ್ಲಿ ಮಲಗಿದವರನ್ನು ಎಬ್ಬಿಸಬಾರದು ಎಂಬುದು ಅವನ ಕಸುಬಿನ ನೇಮ.

ಈಗ ಅಂಗಡಿಗೊಂದು ಚುಂಡಿಲಿ ಸೇರಿಕೊಂಡಿತ್ತು. ಅಂಗಡಿಯ ಹಿಂದೆಯೇ ಮನೆ. ಹೆರಿಗೆ ಆಸ್ಪತ್ರೆಯಿಂದ ಮಗಳು ಫೋನು ಮಾಡಿ ಖಡಾಖಂಡಿತವಾಗಿ ಹೇಳಿದಳು:

"ಅಪ್ಪಾ, ಇಲಿ ಇದ್ರೆ ಮಗೂನ ಆ ಮನೆಗೆ ತರಲ್ಲ. ನಾಳೆ ಸೀದಾ ಅತ್ತೆ ಮನೆಗೆ ಹೋಗ್ತೀನಿ."

"ಬಾರಮ್ಮ, ಅಷ್ಟರಲ್ಲಿ ಹಿಡಿದಿರ್ತೀನಿ."

"ಹಿಡೀತಾರಂತೆ!" ಎಂದಳು ಹೆಂಡತಿ. "ಬೋನಿನ ಸ್ಪ್ರಿಂಗ್ ಕೆಟ್ಟಿದೆ, ದಾರ ಎಳೆದ್ರೇನೇ ಬಾಗಿಲು ಬೀಳೋದು. ದಾರ ಹಿಡ್ಕೊಂಡು ಕೂರೋದೆಲ್ಲಿ ಸ್ವಾಮಿ? ನಿಮ್ಮ ಹಾಸಿಗೆ ಮೇಲೆ! ಇಲಿ ದಿನಾ ಬಂದು ಕಡಲೆಬೀಜ ತಿಂದು, ಮೀಸೆ ಒರೆಸ್ಕೊಂಡು ಹೋಗ್ತಿದೆ."

"ಬರೀ ನೆಲದ ಮೇಲೆ ಕೂತು ಅಭ್ಯಾಸ ಇಲ್ವಲ್ಲ ಕಣೇ."

ಮರುದಿನ ಮಾವ ಮೊಮ್ಮಗುವಿನ ಹಾಸಿಗೆ ಹೊಲಿದು ಮುಗಿಸಿದ. ಅದಕ್ಕೆಂದು ಹಿಂಜಿಟ್ಟ ನುಣುಪಾದ ಅರಳೆಯಲ್ಲಿ ಒಂದಷ್ಟನ್ನು ಇಲಿ ಎಳೆದೊಯ್ದಿತ್ತು. ಪಕ್ಕದ ಒರಟು ರಾಶಿಯನ್ನು ಮೂಸಿಯೂ ನೋಡಿರಲಿಲ್ಲ. 'ಭಲೇ, ಒಳ್ಳೇ ಮಾಲು ಗೊತ್ತಾಗತ್ತೆ ಇದಕ್ಕೆ' ಎಂದುಕೊಂಡ. ಉಳಿದ ಚೂರುಪಾರು ಸೇರಿಸಿ ಹೆಬ್ಬೆರಳುದ್ದದ ಹಾಸಿಗೆಯೊಂದನ್ನು ಹೊಲಿದು ಬೋನಿನೊಳಗೆ ಹಾಸಿ, ದಾರ ಹಿಡಿದು ಕೂತ. ಎಲ್ಲಿ? ಹಾಸಿಗೆಯ ಮೇಲೇ.

ಮಧ್ಯಾಹ್ನದ ಬಿಸಿಲುಕೋಲಿನಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಗೋಡೆಗಳು ಮೆಲ್ಲಗೆ ಮೋಡವಾದವು. ಮಾವ ಕುಗ್ಗಿ ಕುಗ್ಗಿ ಹೆಬ್ಬೆರಳುದ್ದವಾದ. ಅರಳೆಯ ಬೆಟ್ಟದ ಮೇಲೆ ಇಲಿ ಕೂತು ಹತ್ತಿ ಹಿಂಜುತ್ತಿತ್ತು. "ಇನ್ನೂ ಸ್ವಲ್ಪ ಸಡಿಲ ಮಾಡು ಮಾವ, ಮಗುವಿನ ಬೆನ್ನಿಗೆ ಒತ್ತೀತು" ಎಂದಿತು.

ಕಣ್ಣು ಬಿಟ್ಟಾಗ ಬಿಸಿಲು ವಾಲಿತ್ತು, ದಾರ ಬೆರಳಲ್ಲೇ ಇತ್ತು. ಬೋನಿನೊಳಗೆ ಇಲಿ ಅಂಗಾತ ಮಲಗಿ ಗಾಢ ನಿದ್ದೆಯಲ್ಲಿತ್ತು! ದಾರ ಎಳೆದ. ಬಾಗಿಲು ಧಡ್ ಎಂದರೂ ಇಲಿ ಒಂದು ಕಿವಿಯನ್ನಷ್ಟೇ ಆಡಿಸಿತು.

ಇಟ್ಟಿಗೆ ಗೂಡಿನಾಚೆಯ ಪಾಳುಜಾಗಕ್ಕೆ ಒಯ್ದು ಬಾಗಿಲು ತೆರೆದ. ಅದು ಏಳಲಿಲ್ಲ. ಮಗಳು ಬರುವ ಹೊತ್ತು. ಬೋನನ್ನು ಕೊಡವಿದರೆ ಮುಗಿಯಿತು, ಆದರೆ ನೇಮ?

"ಏಳು ತಾಯಿ, ನಿನ್ನ ದಮ್ಮಯ್ಯ" ಎಂದು ಅದಕ್ಕೆ ಕೇಳಿಸದ ಹಾಗೆ ಹೇಳಿದ. ಕೊನೆಗೆ ಹಾಸಿಗೆ ಸಮೇತ ಮೆಲ್ಲಗೆ ಜಾರಿಸಿ ಪೊದೆಯ ನೆರಳಿಗೆ ಬಿಟ್ಟು ಓಡಿದ.

ಮಗಳು ಹೊಸಿಲಾಚೆಯೇ ನಿಂತಿದ್ದಳು. "ಹಿಡಿದ್ಯಾ ಅಪ್ಪಾ?"

"ಬಿಟ್ಟೂ ಬಂದೆ" ಎಂದು ಮಾವ ಖಾಲಿ ಬೋನು ತೋರಿಸಿದ.

ಅವಳು ಒಳಗೆ ಬಂದು ಮಗುವನ್ನು ಪುಟ್ಟ ಹಾಸಿಗೆಯ ಮೇಲೆ ಮಲಗಿಸಿದಳು. ತಾತ ಚಪ್ಪಲಿ ಬಿಡುವಷ್ಟರಲ್ಲಿ ಮಗು ನಿದ್ದೆಹೋಗಿತ್ತು. ಪಕ್ಕದ ಹಾಸಿಗೆಯಲ್ಲಿ ಮಗಳು ಒರಗಿದಳು. "ಒಂದು ಗಳಿಗೆ" ಎಂದು ಹೆಂಡತಿಯೂ.

ಮೊಮ್ಮಗುವಿನ ಕಣ್ಣು ಯಾರ ಹಾಗಿದೆಯೋ ನೋಡಬೇಕಿತ್ತು. ಎಬ್ಬಿಸುವ ಹಾಗಿಲ್ಲ. ಮಾವ ಜೀವಮಾನದಲ್ಲಿ ಮೊದಲ ಸಲ ಬರೀ ನೆಲದ ಮೇಲೆ ಕೂತು, ರೆಪ್ಪೆ ಮುಚ್ಚದೆ ಕಾಯತೊಡಗಿದ.