ಬಿಳಿ ಹೂವಿನ ತಕರಾರು

ಹಠಮಾರಿಗಳನ್ನು ಬೇಕಾದಷ್ಟು ಕಂಡಿದ್ದೇನೆ, ಆದರೆ ಚೀಕಲಪರ್ವಿಯ ನಮ್ಮ ಜಂಬಣ್ಣ ಕಾಕಾನಂಥವನನ್ನು ಕಂಡಿಲ್ಲ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ಕಾಕಾನ ಹತ್ತಿ ಬೀಜಕ್ಕೆ ಮಾನ್ವಿಯಿಂದ, ದೇವದುರ್ಗದಿಂದ ಜನ ಬರುತ್ತಿದ್ದರು. ಹೊಲವೆಲ್ಲ ಹಳದಿ ಹೂ ಬಿಡಬೇಕು, ಅದು ಅವನ ಮರ್ಯಾದೆ. ಆದರೆ ಅಲ್ಲೊಂದು ಇಲ್ಲೊಂದು ಬಿಳಿ ಹೂವಿನ ಗಿಡ ತಲೆ ಎತ್ತುತ್ತಿತ್ತು. ಕಿತ್ತು ಬಿಸಾಡುತ್ತಿದ್ದ. ಮರುವರ್ಷ ಮತ್ತೆ ಹಾಜರು!

ಬೀಜ ಬಿಡಿಸಿ ಗಡಿಗೆಯಲ್ಲಿ ಕಾಯ್ದಿಡುವುದು ನಮ್ಮಲ್ಲಿ ಹೆಂಗಸರ ಕೆಲಸ. ಹಾಗಾಗಿ ತಪ್ಪು ಹೆಂಡತಿಯದೇ, ಅಂದರೆ ನನ್ನ ಚಿಗವ್ವ ಆದೆಮ್ಮನದೇ ಎಂದು ಕಾಕಾ ತೀರ್ಮಾನಿಸಿಬಿಟ್ಟ.

"ತವರುಮನಿ ಬೀಜ ತಂದು ಬೆರಕಿ ಮಾಡೀಯಲ್ಲಲೇ!"

ಬಯ್ದದ್ದು ಸಾಲದೆಂದು ಬೀಜದ ಗಡಿಗೆಯನ್ನೂ ಕಸಿದುಕೊಂಡ. ಮನೆಯೊಡತಿಯ ಕೈಯಿಂದ ಗಡಿಗೆ ಕಸಿಯುವುದೆಂದರೆ ಊರ ಮುಂದೆ ಕಳ್ಳಿ ಎಂದಂತೆ. ಚಿಗವ್ವ ಹೊಲಕ್ಕೆ ಕಾಲಿಡುವುದನ್ನೇ ಬಿಟ್ಟಳು. ಮುಂದಿನ ಸಲವೂ ಬಿಳಿ ಹೂ ಬಂತು. "ನಾ ಮಲಗಿದಾಗ ಬೆರಸ್ಯಾಳ" ಅಂದ ಪುಣ್ಯಾತ್ಮ! ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ರಾಯಚೂರಿನ ಹತ್ತಿ ಪ್ರಯೋಗದ ಹೊಲದಲ್ಲಿದ್ದ ಸತ್ತಾರ್ ಸಾಬ್ ಬೀಜಕ್ಕೆಂದು ಬಂದವರು ಈ ಜಗಳ ಕೇಳಿ ನಕ್ಕರು.

"ಯಾರೂ ಬೆರಸಿಲ್ರಿ ಜಂಬಣ್ಣ. ಕೆಲವು ಹಳದಿ ಗಿಡದ ಹೊಟ್ಟ್ಯಾಗ ಬಿಳಿ ಗುಣ ಅಡಗಿರ್ತದ. ಹಳದಿ ಜೋರಂತ ಹೊರಗ ಕಾಣಂಗಿಲ್ಲ. ಅಂಥ ಗಿಡದ ಬೀಜ ಬಿತ್ತಿದ್ರ ನಾಕರಾಗ ಒಂದು ಬಿಳಿ ಬರ್ತದ. ನೀವು ಎಲ್ಲಾ ಗಿಡದ ಬೀಜ ಒಂದ ಗಡಿಗ್ಯಾಗ ಸುರುವಿದ್ರ ಹ್ಯಾಂಗ ಗೊತ್ತಾಗಬೇಕು? ಒಂದೊಂದು ಗಿಡದ್ದು ಬ್ಯಾರೆ ಇಡ್ರಿ, ಬ್ಯಾರೆ ಸಾಲಿನ್ಯಾಗ ಬಿತ್ರಿ."

ಸಾಬರ ಮಾತು ಸುಳ್ಳು ಮಾಡಲೆಂದೇ ಕಾಕಾ ಒಪ್ಪಿದ. ಜೇನುಹುಳ ಬೇರೆ ಗಿಡದ ಪರಾಗ ಹೊತ್ತು ನುಗ್ಗದಂತೆ, ಸಾಬರು ಹೇಳಿಕೊಟ್ಟ ಹಾಗೆ, ಹಳದಿ ಗಿಡಗಳ ಮೊಗ್ಗಿನ ತುದಿಗೆ ದಾರ ಕಟ್ಟಿದ. ಊರವರು ನಕ್ಕರೆ ಅವರಿಗೂ ಬಯ್ದ. ಒಂದೊಂದು ಗಿಡದ ಹತ್ತಿ ತಾನೇ ಬಿಡಿಸಿದ, ತಾನೇ ಬಿಡಿಬಿಡಿಯಾಗಿ ಬೀಜ ಗಂಟು ಕಟ್ಟಿದ, ಆ ಗಂಟುಗಳನ್ನೇ ತಲೆದಿಂಬು ಮಾಡಿಕೊಂಡು ಮಲಗಿದ. ಬಿತ್ತಿದ್ದೂ ತಾನೇ.

ಹೂ ಬಿಟ್ಟವು. ಕೆಲವು ಸಾಲು ಪೂರಾ ಹಳದಿ. ಉಳಿದ ಸಾಲುಗಳಲ್ಲಿ ಹಳದಿಯ ನಡುನಡುವೆ ಬಿಳಿ, ಸಾಬರು ಹೇಳಿದಂತೆಯೇ. ಬೇರೆ ಯಾರ ಕೈಯೂ ಸೋಕದ ಬೀಜ. ಕಾಕಾ ಒಂದೊಂದೇ ಸಾಲಿಗೆ ಬಗ್ಗಿ ಬಿಳಿ ಹೂಗಳನ್ನು ಎರಡೆರಡು ಸಲ ಎಣಿಸಿದ. ನನಗಂತೂ ಹೊಟ್ಟೆ ತಣ್ಣಗಾಯಿತು.

ಅಂದು ಸಂಜೆ ಗಡಿಗೆ ತಂದು ಚಿಗವ್ವನ ಮುಂದಿಟ್ಟ. ತಪ್ಪಾಯಿತು ಅನ್ನಲು ಆ ನಾಲಿಗೆ ಹೊರಳಬೇಕಲ್ಲ!

"ತಗೋ, ಇನ್ನ ಮ್ಯಾಲ ನೀನ ಇಟ್ಕೋ" ಅಂದ.

ಚಿಗವ್ವ ಸೆರಗಿನಿಂದ ಗಡಿಗೆಯ ಧೂಳು ಒರೆಸಿದಳು.

"ಬೀಜ ಇಟ್ಕೋತೀನಿ. ಇಷ್ಟು ವರ್ಷ ಬೈದೀಯಲ್ಲ, ಅದನ್ನ ಯಾವ ಸಾಲಿನ್ಯಾಗ ಬಿತ್ತಲಿ, ಹೇಳು?"